ಅಭಯದಾನಕ್ಕೆ ಷರತ್ತು ಉಂಟೆ?

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ದಾನವು ನಾಲ್ಕು ಬಗೆಯಾಗಿರುವುದು ಶ್ರಾವಕ-ಶ್ರಾವಿಕೆಯರೆಲ್ಲರಿಗೂ ತಿಳಿದ ಸಂಗತಿ. ಮೊದಲಿನ ಮೂರರಲ್ಲಿ ಕೊಟ್ಟ ವಸ್ತು ಕಣ್ಣಿಗೆ ಕಾಣುತ್ತದೆ. ಅನ್ನವನ್ನು ಅಳೆಯಬಹುದು, ಮದ್ದನ್ನು ತೂಗಬಹುದು, ಗ್ರಂಥಗಳನ್ನು ಎಣಿಸಬಹುದು. ಅಭಯವನ್ನು ಅಳೆಯುವ ಕೊಳಗವಿಲ್ಲ. ಕೊಟ್ಟವರು ಕೊಟ್ಟೆವೆಂದು ತಿಳಿದರೂ ಪಡೆದವರ ಎದೆಯಲ್ಲಿ ಅಂಜಿಕೆ ಉಳಿದಿದ್ದರೆ ಆ ದಾನ ಪೂರ್ಣವಾಗಲಿಲ್ಲ. ಆದುದರಿಂದಲೇ ಈ ನಾಲ್ಕನೆಯ ದಾನದ ವಿಚಾರದಲ್ಲಿ ಏಳುವ ನೈತಿಕ ಪ್ರಶ್ನೆಗಳು ಇತರ ದಾನಗಳಿಗಿಂತ ಸೂಕ್ಷ್ಮವಾದವು. ಝಾರ್ಖಂಡದ ಆದಿವಾಸಿ ಹೆಣ್ಣುಮಕ್ಕಳ ನಡುವೆ ಕ್ರೈಸ್ತ ಮಿಷನ್ನುಗಳು ನಡೆಸಿಕೊಂಡು ಬಂದಿರುವ ಕಾರ್ಯವು ಅಂತಹ ಒಂದು ಪ್ರಶ್ನೆಯನ್ನು ಎಲ್ಲ ಧರ್ಮಗಳ ದಾನಿಗಳ ಮುಂದೆಯೂ ಇಡುತ್ತದೆ.

ಝಾರ್ಖಂಡವೆಂದರೆ ಜೈನ ಕುಟುಂಬಗಳಿಗೆ ಮೊದಲು ನೆನಪಾಗುವುದು ಗಿರಿಡಿಹ್ ಜಿಲ್ಲೆಯ ಪಾರಸನಾಥ ಬೆಟ್ಟ, ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರ್ಜಿ. ಮಧುಬನದ ಧರ್ಮಶಾಲೆಯಲ್ಲಿ ಇಳಿದು, ಬೆಳಕು ಹರಿಯುವ ಮುನ್ನವೇ ಹೊರಟು, 27 ಕಿಲೋಮೀಟರುಗಳ ವಂದನೆಯನ್ನು ಮುಗಿಸಿ ಹಿಂದಿರುಗುವ ಯಾತ್ರಿಕರು ಆ ರಾಜ್ಯದ ಉಳಿದ ಭಾಗವನ್ನು ಕಾಣುವುದು ಅಪರೂಪ. ರಾಂಚಿಯಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿರುವ ಛೋಟಾನಾಗಪುರದ ಪ್ರಸ್ಥಭೂಮಿಯಲ್ಲಿ ಖೂಂಟಿ, ಗುಮ್ಲಾ, ಸಿಮ್ಡೇಗಾ, ಲೋಹರದಗಾ ಎಂಬ ಜಿಲ್ಲೆಗಳಿವೆ. ಅದು ಮುಂಡಾ, ಉರಾಂವ್, ಖಾಡಿಯಾ ಜನರ ನೆಲೆ. ಉರಾಂವರ ಕುಡುಖ್ ಭಾಷೆಗೆ ಕನ್ನಡದೊಂದಿಗೆ ದೂರದ ನಂಟಿದೆ. ದ್ರಾವಿಡ ಕುಟುಂಬಕ್ಕೆ ಸೇರಿದ ಆ ನುಡಿಯಲ್ಲಿ ಕಣ್ಣಿಗೆ ‘ಖನ್’ ಎಂದೂ, ಹಲ್ಲಿಗೆ ಬಹುಮಟ್ಟಿಗೆ ಹಳಗನ್ನಡದಂತೆಯೇ ‘ಪಲ್ಲ್’ ಎಂದೂ ಹೆಸರು.

ಈ ಜಿಲ್ಲೆಗಳಿಂದ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ದೆಹಲಿಗೂ ಇತರ ನಗರಗಳಿಗೂ ಹೋಗುತ್ತಾರೆ. ಅನೇಕ ವೇಳೆ ಒಯ್ಯಲ್ಪಡುತ್ತಾರೆ. ಮಳೆಯನ್ನೇ ನೆಚ್ಚಿದ ಒಂದು ಭತ್ತದ ಬೆಳೆ ಕೈಸೇರಿದ ಮೇಲೆ ಹಳ್ಳಿಯಲ್ಲಿ ಕೆಲಸವಿರುವುದಿಲ್ಲ. ಆಗ ಬರುವ ದಲ್ಲಾಳಿ ಬಹುತೇಕ ಅಪರಿಚಿತನಲ್ಲ. ಊರಿನವನೇ, ನೆಂಟನೇ, ಕೆಲವೊಮ್ಮೆ ಮೊದಲೇ ನಗರ ಕಂಡುಬಂದ ಹೆಂಗಸೇ ಆಗಿರುತ್ತಾಳೆ. ಒಳ್ಳೆಯ ಸಂಬಳ, ಹೊಸ ಬಟ್ಟೆ, ವರ್ಷಕ್ಕೊಮ್ಮೆ ಊರಿಗೆ ಬರುವ ಅವಕಾಶ, ಇಷ್ಟು ಮಾತು ಸಾಕಾಗುತ್ತದೆ. ನಗರದಲ್ಲಿ ಏಜೆನ್ಸಿಯವರು ಹುಡುಗಿಯನ್ನು ಒಂದು ಮನೆಗೆ ಒಪ್ಪಿಸಿ ತಮ್ಮ ಕಮಿಷನ್ನನ್ನೂ, ಎಷ್ಟೋ ಸಲ ಅವಳ ಸಂಬಳವನ್ನೂ ತಾವೇ ಪಡೆಯುತ್ತಾರೆ. ಅವಳಿಗೆ ಮನೆಯ ವಿಳಾಸ ಗೊತ್ತಿಲ್ಲ, ಬೀದಿಯ ಭಾಷೆ ಬಾರದು. ಕೆಲವು ತಿಂಗಳಲ್ಲಿ ತಾಯಿತಂದೆಗಳಿಗೆ ಮಗಳ ಸುಳಿವೇ ಇಲ್ಲವಾಗುತ್ತದೆ.

ಇಂತಹ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸುವ, ಹುಡುಕಿ ತರುವ, ಹಿಂದಿರುಗಿದವರಿಗೆ ಆಶ್ರಯ ನೀಡುವ ಕೆಲಸದಲ್ಲಿ ಕ್ರೈಸ್ತ ಸನ್ಯಾಸಿನಿಯರು ಬಹುಕಾಲದಿಂದ ತೊಡಗಿದ್ದಾರೆ. ಬೆಲ್ಜಿಯಂ ಮೂಲದ ಸಿಸ್ಟರ್ ಜೀನ್ ಡೆವೋಸ್ ಅವರು ಮುಂಬಯಿಯಲ್ಲಿ 1985ರಲ್ಲಿ ಆರಂಭಿಸಿದ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯು ಮುಂದೆ ಝಾರ್ಖಂಡವನ್ನೂ ಮುಟ್ಟಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಭಾರತ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮನೆಗೆಲಸದವರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿದ್ದು 2011ರಲ್ಲಿ. ಕಾನೂನು ಎಚ್ಚರಗೊಳ್ಳುವುದಕ್ಕೆ ಎಷ್ಟೋ ಮೊದಲೇ ಕರುಣೆಯು ಎಚ್ಚರಗೊಂಡಿತ್ತೆಂಬುದನ್ನು ಒಪ್ಪಲೇಬೇಕು.

ಆದರೆ ಆ ಕರುಣೆಯ ಕೈಯಲ್ಲಿ ಒಂದು ಮತವೂ ಇದೆ. ಆಶ್ರಯದ ಜೊತೆಗೆ ಪ್ರಾರ್ಥನೆ ಬರುತ್ತದೆ, ಅಕ್ಷರದ ಜೊತೆಗೆ ಸ್ತುತಿಗೀತೆ ಬರುತ್ತದೆ. ಹೀಗಿರುವಾಗ ಅದು ದಾನವೇ, ವಿನಿಮಯವೇ?

ಎರಡು ಸಿದ್ಧ ಉತ್ತರಗಳು

ಈ ಪ್ರಶ್ನೆಗೆ ಸಮಾಜದಲ್ಲಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಸೇವೆಯೆಲ್ಲವೂ ಮತಾಂತರದ ಗಾಳ ಎಂಬುದು ಒಂದು. ಹಸಿದವರಿಗೆ ಅನ್ನ ದೊರೆತ ಮೇಲೆ ಕೊಟ್ಟವರ ಉದ್ದೇಶವನ್ನು ಕೆದಕಬಾರದು ಎಂಬುದು ಇನ್ನೊಂದು. ಅನೇಕಾಂತದ ದೃಷ್ಟಿಯುಳ್ಳವರಿಗೆ ಈ ಎರಡೂ ಏಕಾಂತವಾದಗಳೇ. ಮೊದಲನೆಯದು ನಲವತ್ತು ವರ್ಷ ಒಂದೇ ಹಳ್ಳಿಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಅಲ್ಲಿಯೇ ಮಣ್ಣಾದವರ ತ್ಯಾಗವನ್ನು ಕಾಣಲಾರದು. ಎರಡನೆಯದು ಪಡೆಯುವವಳಿಗೂ ಒಂದು ಮನಸ್ಸುಂಟು, ಅವಳ ಹಿರಿಯರಿಗೂ ಒಂದು ದೈವವುಂಟು ಎಂಬುದನ್ನು ಕಾಣಲಾರದು. ಛೋಟಾನಾಗಪುರದ ಇತಿಹಾಸವನ್ನು ನೋಡಿದರೆ ಎರಡಕ್ಕೂ ಆಧಾರ ದೊರೆಯುತ್ತದೆ.

ಜರ್ಮನಿಯ ಗಾಸ್ನರ್ ಮಿಷನ್ನಿನವರು ರಾಂಚಿಗೆ ಬಂದುದು 1845ರಲ್ಲಿ. ಬೆಲ್ಜಿಯಂನ ಜೆಸ್ವಿಟ್ ಪಾದ್ರಿ ಕಾನ್‌ಸ್ಟಂಟ್ ಲೀವೆನ್ಸ್ ಬಂದುದು 1885ರಲ್ಲಿ. ಜಮೀನ್ದಾರರು ಆದಿವಾಸಿಗಳ ಭೂಮಿಯನ್ನು ಕಸಿಯುತ್ತಿದ್ದ ಕಾಲವದು. ಲೀವೆನ್ಸ್ ಕೋರ್ಟಿನ ವ್ಯಾಜ್ಯಗಳಲ್ಲಿ ರೈತರ ಬೆನ್ನಿಗೆ ನಿಂತರು. ಸಾವಿರಾರು ಜನ ಅವರ ಮತವನ್ನೂ ಸ್ವೀಕರಿಸಿದರು. ಆ ಜನರು ನಂಬಿದ್ದು ಏಸುವನ್ನೋ, ಭೂಮಿ ಉಳಿಸಿಕೊಟ್ಟ ಪಾದ್ರಿಯನ್ನೋ ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಅವರ ನಂತರ ಬಂದ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಎಂಬ ಜರ್ಮನ್ ಪಾದ್ರಿಯ ಶ್ರಮವೂ 1908ರ ಛೋಟಾನಾಗಪುರ ಗೇಣಿ ಕಾಯಿದೆಯ ಹಿಂದೆ ಇತ್ತು. ಆದಿವಾಸಿಗಳ ನೆಲಕ್ಕೆ ರಕ್ಷಣೆ ನೀಡಿದ ಆ ಕಾಯಿದೆ ಕ್ರೈಸ್ತರಾದವರಿಗೂ ಆಗದವರಿಗೂ ಸಮಾನವಾಗಿ ಅನ್ವಯಿಸಿತು. ಷರತ್ತಿಲ್ಲದ ಅಭಯಕ್ಕೆ ಇದೊಂದು ನಿದರ್ಶನ.

ಇದೇ ಹಾಫ್‌ಮನ್ 1907ರಲ್ಲಿ ಮುಂಡಾರಿ ಕಾವ್ಯ, ಸಂಗೀತ ಮತ್ತು ಕುಣಿತಗಳ ಬಗ್ಗೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮುಂಡಾ ಜೀವನದ ಬೃಹತ್ ವಿಶ್ವಕೋಶಕ್ಕೂ ಕೈಹಾಕಿದರು. ಆದರೆ ಪಾದ್ರಿಗಳ ಗ್ರಂಥಗಳಲ್ಲಿ ಆದಿವಾಸಿಗಳ ಹಾಡು ಗೌರವದ ಸ್ಥಾನ ಪಡೆಯುತ್ತಿದ್ದ ಆ ಕಾಲದಲ್ಲಿಯೇ, ಮತಾಂತರಗೊಂಡ ಕುಟುಂಬಗಳ ಮಕ್ಕಳು ಹಳ್ಳಿಯ ಅಖಡಾಕ್ಕೆ ಹೋಗಬಾರದೆಂಬ ಕಟ್ಟಳೆಯೂ ನಡೆಯುತ್ತಿತ್ತು. ಅಖಡಾ ಎಂದರೆ ಊರ ನಡುವಿನ ಕುಣಿತದ ಅಂಗಳ. ಸಾಲವೃಕ್ಷ ಹೂಬಿಡುವ ಸರಹುಲ್ ಹಬ್ಬಕ್ಕೂ, ಭಾದ್ರಪದದ ಕರಮ ಹಬ್ಬಕ್ಕೂ ಅಲ್ಲಿ ಮಾಂದರ್ ಎಂಬ ಮದ್ದಳೆ ಬಾರಿಸಿ, ಕೈಗೆ ಕೈ ಹೆಣೆದು, ಹೆಣ್ಣುಮಕ್ಕಳು ಸಾಲಾಗಿ ಹಾಡುತ್ತಿದ್ದರು. ಆ ಹಾಡು, ಆ ದೈವ, ಆ ನೆರೆಹೊರೆ ಒಂದೇ ಬಟ್ಟೆಯ ನೂಲುಗಳು. ದೈವವನ್ನು ಬಿಡಿಸಲು ಹೊರಟವರಿಗೆ ಅಂಗಳವನ್ನೂ ಬಿಡಿಸಬೇಕಾಯಿತು. ಹಾಡು ಪುಸ್ತಕದಲ್ಲಿ ಉಳಿಯಿತು. ಹಾಡುವವಳು ಅಂಗಳದಿಂದ ಹೊರಗುಳಿದಳು.

ಅದೇ ಇತಿಹಾಸದ ಇನ್ನೊಂದು ಪುಟವನ್ನೂ ಓದಬೇಕು. 1897ರಲ್ಲಿ ರಾಂಚಿಯ ಲೊರೆಟೊ ಸಿಸ್ಟರುಗಳ ಬಳಿ ಓದಿದ ಮೇರಿ ಬರ್ನಡೆಟ್ ಕಿಸ್ಪೊಟ್ಟಾ ಎಂಬ ಉರಾಂವ್ ತರುಣಿ, ಇನ್ನು ಮೂವರು ಗೆಳತಿಯರೊಂದಿಗೆ, ವಿವಾಹವನ್ನು ಒಲ್ಲೆನೆಂದು ಸೇವೆಯ ವ್ರತವನ್ನು ಆರಿಸಿಕೊಂಡಳು. ಮನೆಯವರು ಒಪ್ಪಲಿಲ್ಲ, ಆದಿವಾಸಿ ಹೆಣ್ಣುಮಕ್ಕಳಿಗೆ ಇದು ಸಾಧ್ಯವೇ ಎಂದು ಮಿಷನ್ನಿನ ಹಿರಿಯರಿಗೂ ಮೊದಲು ಶಂಕೆಯಿತ್ತು. ಆ ನಾಲ್ವರಿಂದ ಸಂತ ಆನ್ನಳ ಪುತ್ರಿಯರೆಂಬ ಸನ್ಯಾಸಿನಿಯರ ಸಂಘ ಹುಟ್ಟಿತು. ವಿದೇಶದಿಂದ ಬಂದವರ ಕೈಯಿಂದ ಪಡೆದವಳು ತಾನೇ ಕೊಡುವವಳಾದಳು. ಸಾಧ್ವಿಯರ ಸಂಘವನ್ನು ಪೂಜಿಸುವ ಪರಂಪರೆಯವರಿಗೆ ಆ ನಿರ್ಧಾರದ ಬೆಲೆ ಅರ್ಥವಾಗದಿರದು. ಆ ತರುಣಿ ಮತಕ್ಕೆ ಮರುಳಾದಳೆಂದು ಹೇಳಿಬಿಡುವುದು ಅವಳ ಬುದ್ಧಿಗೂ ಧೈರ್ಯಕ್ಕೂ ಮಾಡುವ ಅಪಚಾರ.

ಎರಡನೆಯ ವ್ಯಾಟಿಕನ್ ಸಭೆಯು (1962–65) ದೇಶಭಾಷೆಗಳಿಗೂ ದೇಶೀಯ ಸಂಪ್ರದಾಯಗಳಿಗೂ ಬಾಗಿಲು ತೆರೆದ ಮೇಲೆ ಛೋಟಾನಾಗಪುರದ ಇಗರ್ಜಿಗಳೊಳಗೆ ಮಾಂದರ್ ಮೊಳಗತೊಡಗಿತು. ಹಿಂದೆ ದೂರವಿಟ್ಟ ವಾದ್ಯವನ್ನೇ ಮುಂದೆ ಬರಮಾಡಿಕೊಂಡುದು ಹಿಂದಿನ ಕಟ್ಟಳೆಯಲ್ಲಿ ದೋಷವಿತ್ತೆಂಬುದರ ಒಪ್ಪಿಗೆಯೂ ಹೌದು.

ಹಾಡಿನಿಂದ ಕಾಯುವುದು

ಇಂದು ಈ ಭಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಯ ಕಾರ್ಯಕ್ಕೆ ಹಾಡು, ಬೀದಿನಾಟಕ, ಧ್ವನಿಮುದ್ರಣ, ಕಿರುಚಿತ್ರಗಳು ಮುಖ್ಯ ಸಾಧನಗಳಾಗಿವೆ. ಇದಕ್ಕೆ ಕಾರಣವುಂಟು. ದಲ್ಲಾಳಿಯ ಸುಳ್ಳು ಕಾಗದದ ಮೇಲೆ ಬರುವುದಿಲ್ಲ. ಪರಿಚಿತ ಬಾಯಿಂದ, ಮನೆಯ ಮಾತಿನಲ್ಲಿ, ಮನೆಯ ಜಗಲಿಯ ಮೇಲೆ ಬರುತ್ತದೆ. ಅದಕ್ಕೆ ಉತ್ತರವೂ ಅದೇ ಮಾತಿನಲ್ಲಿ, ಅದೇ ಸಲಿಗೆಯಲ್ಲಿ ಬರಬೇಕು. ಸರ್ಕಾರಿ ಭಿತ್ತಿಪತ್ರವನ್ನು ಓದಲಾರದ ತಾಯಿಯು ವಾರದ ಸಂತೆಯಲ್ಲಿ ಮಾಂದರಿನ ಸದ್ದು ಕೇಳಿ ನಿಲ್ಲುತ್ತಾಳೆ. ನಾಗಪುರಿ ಭಾಷೆಯ ಹಾಡಿನಲ್ಲಿ ಮಗಳನ್ನು ಕಳಿಸುವ ಮುನ್ನ ವಿಳಾಸ ಕೇಳು, ಪಂಚಾಯತಿಯಲ್ಲಿ ಹೆಸರು ಬರೆಸು, ಹಣ ಮುಂಗಡ ಕೊಡುವವನನ್ನು ನಂಬಬೇಡ ಎಂಬ ಮಾತುಗಳು ಸೇರಿದರೆ ಅವು ಮನೆಗೆ ಹೋಗುವ ದಾರಿಯಲ್ಲಿಯೂ ನಾಲಿಗೆಯ ಮೇಲಿರುತ್ತವೆ. ವಸತಿನಿಲಯದಲ್ಲಿ ಮಾತು ಮರೆತಂತೆ ಕುಳಿತ ಹುಡುಗಿಯೂ ಗುಂಪಿನ ಹಾಡಿಗೆ ಮೆಲ್ಲನೆ ದನಿಗೂಡಿಸಬಲ್ಲಳು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಮಾಡಿದುದು ಆ ಕಾಲದ ಮಾಧ್ಯಮದ ಮೂಲಕ ನಡೆದ ಶಾಸ್ತ್ರದಾನ. ಹಾಗೆ ನೋಡಿದರೆ ಹಾಡು ಮತ್ತು ಚಿತ್ರಗಳ ಮೂಲಕ ಅಭಯವನ್ನು ಹಂಚಬಹುದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಸಾಧನಕ್ಕೆ ಎರಡು ಅಲಗುಗಳಿವೆ. ಅದೇ ಕ್ಯಾಮೆರಾ ಹುಡುಗಿಯ ಮುಖವನ್ನು ದೂರದ ದಾನಿಗಳಿಗೆ ತೋರಿಸುತ್ತದೆ. ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ನಗರದಿಂದ ಬಿಡಿಸಿ ತಂದ ಹದಿನಾಲ್ಕರ ಬಾಲಕಿಯೊಬ್ಬಳು ಆಶ್ರಯಧಾಮದಲ್ಲಿದ್ದಾಳೆ. ವಾರ್ಷಿಕೋತ್ಸವಕ್ಕೆ ದಾನಿಗಳು ಬರುತ್ತಾರೆ. ಅವಳು ಚೆನ್ನಾಗಿ ಹಾಡುತ್ತಾಳೆಂದು ಮುಂದೆ ನಿಲ್ಲಿಸುತ್ತಾರೆ. ಹಾಡಿಗೆ ಮುನ್ನ ಅವಳ ಕಥೆಯನ್ನು ಹೇಳುತ್ತಾರೆ. ಕಣ್ಣೀರು ಬಂದ ಕ್ಷಣವನ್ನು ಚಿತ್ರೀಕರಿಸುತ್ತಾರೆ. ಯಾರೂ ಕೆಟ್ಟವರಲ್ಲ. ಸಂಗ್ರಹವಾದ ಹಣವು ಅವಳ ಊಟಕ್ಕೂ ಅವಳಂಥವರ ಓದಿಗೂ ವೆಚ್ಚವಾಗುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಒಲ್ಲೆ ಎನ್ನುವ ಶಕ್ತಿ ಅವಳಿಗಿತ್ತೆ? ಯಾರ ಅನ್ನವನ್ನು ಉಣ್ಣುತ್ತಿರುವಳೋ ಅವರು ಕೇಳಿದಾಗ ಇಲ್ಲವೆನ್ನಲಾಗದು. ಇಲ್ಲವೆನ್ನಲಾಗದವಳ ಹೌದು ಒಪ್ಪಿಗೆಯಲ್ಲ. ಒಪ್ಪಿಗೆಯಿಲ್ಲದೆ ತೆಗೆದುಕೊಂಡುದು ಅದತ್ತಾದಾನ. ಅಚೌರ್ಯವ್ರತವುಳ್ಳವರು ಅದನ್ನು ಕಳವೆಂದೇ ಕರೆಯುತ್ತಾರೆ. ಕದ್ದುದು ವಸ್ತುವಾಗಿರದೆ ಒಂದು ಮಗುವಿನ ದುಃಖವಾಗಿದ್ದರೆ ದೋಷ ಕಡಿಮೆಯಾಗದು. 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ರಕ್ಷಣೆಯಲ್ಲಿರುವ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸಬಾರದೆಂದು ವಿಧಿಸಿದೆ. ಧರ್ಮವು ಕಾಯಿದೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮುಖ ಮರೆಸಿದರೂ ಅವಳ ಕಥೆ ಅವಳದೇ ಎಂದು ನೆನೆಯಬೇಕು.

ಅಭಯವೆಂಬುದು ಬರಿಯ ಮಾತಲ್ಲವೆಂಬುದಕ್ಕೆ ಖೂಂಟಿ ಜಿಲ್ಲೆಯ ಕೋಚಾಂಗ್‌ನಲ್ಲಿ ನಡೆದ ಘಟನೆಯೇ ಸಾಕ್ಷಿ. 2018ರ ಜೂನ್ 19ರಂದು ಮಾನವ ಸಾಗಾಟದ ವಿರುದ್ಧ ಬೀದಿನಾಟಕ ಆಡಲು ಹೋಗಿದ್ದ ತಂಡದ ಐವರು ಮಹಿಳೆಯರನ್ನು ಅಲ್ಲಿನ ಮಿಷನ್ ಶಾಲೆಯ ಆವರಣದಿಂದಲೇ ಅಪಹರಿಸಿ ಅವರ ಮೇಲೆ ಅತ್ಯಾಚಾರವೆಸಗಲಾಯಿತು. 2019ರಲ್ಲಿ ಖೂಂಟಿಯ ನ್ಯಾಯಾಲಯವು ಶಾಲೆಯ ಮುಖ್ಯಸ್ಥರಾಗಿದ್ದ ಪಾದ್ರಿಯೂ ಸೇರಿದಂತೆ ಆರು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇತರರನ್ನು ಕಾಯಲು ಹಾಡುತ್ತ ಹೊರಟವರನ್ನೇ ಕಾಯುವವರಿರಲಿಲ್ಲ. ಹೆಣ್ಣುಮಕ್ಕಳ ದನಿಯನ್ನು ಊರೂರಿಗೆ ಕಳುಹಿಸುವವರು, ಯಾವ ಧರ್ಮದವರೇ ಆಗಲಿ, ಆ ದನಿಯ ಹಿಂದಿರುವ ದೇಹದ ಹೊಣೆಯನ್ನೂ ಹೊರಬೇಕು. ಒಳ್ಳೆಯ ಉದ್ದೇಶವು ಎಚ್ಚರಿಕೆಯ ಸ್ಥಾನವನ್ನು ತುಂಬಲಾರದು. ಯತ್ನಾಚಾರವಿಲ್ಲದ ದಯೆಯಲ್ಲಿ ಹಿಂಸೆಗೆ ಎಡೆಯುಂಟು.

ನಿದಾನವೆಂಬ ಶಲ್ಯ

ಇನ್ನು ಮತದ ಪ್ರಶ್ನೆ. ಝಾರ್ಖಂಡದಲ್ಲಿ 2017ರ ಕಾಯಿದೆಯು ಬಲಾತ್ಕಾರ, ಆಮಿಷ, ವಂಚನೆಗಳಿಂದ ನಡೆಯುವ ಮತಾಂತರವನ್ನು ಶಿಕ್ಷಾರ್ಹವೆಂದು ಸಾರಿ, ಮಹಿಳೆಯರು, ಅಪ್ರಾಪ್ತ ವಯಸ್ಕರು ಮತ್ತು ಆದಿವಾಸಿಗಳ ವಿಷಯದಲ್ಲಿ ಶಿಕ್ಷೆಯನ್ನು ಹೆಚ್ಚಿಸಿತು. 2020ರ ನವೆಂಬರಿನಲ್ಲಿ ಅಲ್ಲಿನ ವಿಧಾನಸಭೆಯು ಸರನಾ ಧರ್ಮಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಸ್ಥಾನ ಬೇಕೆಂದು ನಿರ್ಣಯ ಮಾಡಿತು. ತಮ್ಮನ್ನು ಒಬ್ಬರು ಕ್ರೈಸ್ತರೆಂದೂ ಇನ್ನೊಬ್ಬರು ಹಿಂದೂಗಳೆಂದೂ ಎಣಿಸುವ ನಡುವೆ ತಮ್ಮ ಸಾಲವನದ ದೈವಕ್ಕೂ ಒಂದು ಹೆಸರಿರಲಿ ಎಂಬುದು ಆ ಜನರ ಬೇಡಿಕೆ. ಆದರೆ ಕಾಯಿದೆಗೆ ಕಾಣುವುದು ಹೊರಗಿನ ಆಮಿಷ ಮಾತ್ರ. ತನ್ನನ್ನು ಉಳಿಸಿದವರನ್ನು ಮಗು ಪ್ರೀತಿಸುತ್ತದೆ. ಅವರು ಕೈಮುಗಿದೆಡೆ ತಾನೂ ಕೈಮುಗಿಯುತ್ತದೆ. ಅಲ್ಲಿ ವಂಚನೆಯಿಲ್ಲ, ಬಲಾತ್ಕಾರವಿಲ್ಲ. ಆದರೂ ಕೊಡುವವನ ಕೈ ಮೇಲಿದೆ, ಪಡೆಯುವವಳ ಕೈ ಕೆಳಗಿದೆ.

ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಕೊನೆಯದು ಇಲ್ಲಿ ನೆನಪಿಗೆ ಬರುತ್ತದೆ. ಪುಣ್ಯಕಾರ್ಯಕ್ಕೆ ಪ್ರತಿಫಲವನ್ನು ಬಯಸುವುದೇ ನಿದಾನ. ಮಾಂಸದೊಳಗೆ ಮುರಿದು ಉಳಿದ ಮುಳ್ಳಿನಂತೆ ಅದು ವ್ರತವನ್ನು ಒಳಗಿನಿಂದ ಕೀವುಗಟ್ಟಿಸುತ್ತದೆ. ಇವಳು ನಾಳೆ ತಮ್ಮವಳಾಗುವಳು ಎಂಬ ಲೆಕ್ಕದೊಡನೆ ಕೊಟ್ಟ ಅನ್ನದಲ್ಲಿ ಆ ಮುಳ್ಳು ಇದೆ. ಇದಕ್ಕೆ ಮಿಷನ್ನಿನ ಪ್ರಾಮಾಣಿಕ ಸೇವಕರು ಒಂದು ಗಂಭೀರ ಆಕ್ಷೇಪವನ್ನು ಎತ್ತಬಹುದು. ತಮ್ಮಲ್ಲಿರುವುದರಲ್ಲಿ ಶ್ರೇಷ್ಠವಾದುದು ತಮ್ಮ ಶ್ರದ್ಧೆ. ಅನ್ನವನ್ನು ಕೊಟ್ಟು ಅದನ್ನು ಬಚ್ಚಿಡುವುದು ಜಿಪುಣತನವಲ್ಲವೇ ಎಂದು. ಶಾಸ್ತ್ರದಾನವನ್ನು ಮಹಾದಾನವೆಂದು ಹೇಳುವ ಸಮಾಜವು ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಪ್ರೇರಣೆ ಬೇರೆ, ಷರತ್ತು ಬೇರೆ ಎಂಬ ವಿವೇಕವೇ ಇದಕ್ಕೆ ಪರಿಹಾರ. ಶ್ರದ್ಧೆಯಿಂದ ಪ್ರೇರಿತವಾದ ಸೇವೆ ಅಶುದ್ಧವಲ್ಲ. ಶ್ರದ್ಧೆಯಿಲ್ಲದಿದ್ದರೆ ಆ ಕಾಡಿನ ಹಳ್ಳಿಗಳಲ್ಲಿ ಜೀವಮಾನವನ್ನು ಸವೆಸುವವರೇ ಇರುತ್ತಿರಲಿಲ್ಲ. ತಮ್ಮ ಶ್ರದ್ಧೆಯನ್ನು ಮುಚ್ಚಿಡದೆ, ಅದನ್ನು ಅನ್ನದ ತಟ್ಟೆಗೆ ಕಟ್ಟದೆ ಇರುವುದು ಸಾಧ್ಯ. ಪರೀಕ್ಷೆಯೂ ಸರಳ. ಆ ಹುಡುಗಿ ಬೆಳಗಿನ ಪ್ರಾರ್ಥನೆಗೆ ಬರಲೊಲ್ಲೆನೆಂದರೆ ಮಧ್ಯಾಹ್ನದ ಊಟದಲ್ಲಿ, ಸಿಸ್ಟರಿನ ಮುಖಭಾವದಲ್ಲಿ, ಮುಂದಿನ ವರ್ಷದ ಫೀಸಿನಲ್ಲಿ ಏನಾದರೂ ವ್ಯತ್ಯಾಸವಾಗುವುದೇ? ಸರಹುಲ್ ಹಬ್ಬಕ್ಕೆ ಊರಿಗೆ ಹೋಗಿ ಅಖಡಾದಲ್ಲಿ ಕುಣಿದು ಬಂದರೆ ಅವಳ ಹಾಸಿಗೆ ಅವಳಿಗೆ ಇರುವುದೇ? ವ್ಯತ್ಯಾಸವಾಗದಿದ್ದರೆ ಅದು ಅಭಯದಾನ, ಕೊಟ್ಟವರು ಯಾರೇ ಆಗಲಿ. ವ್ಯತ್ಯಾಸವಾದರೆ ಅದು ವ್ಯಾಪಾರ, ಕೊಟ್ಟವರು ಯಾರೇ ಆಗಲಿ.

ಕನ್ನಡಿಯಲ್ಲಿ

ಪರರನ್ನು ಅಳೆಯಲು ಬಳಸಿದ ಕೋಲಿನಿಂದ ಸ್ವಸಮಾಜವನ್ನೂ ಅಳೆಯುವುದು ನ್ಯಾಯ. ಜೈನ ವಿದ್ಯಾರ್ಥಿನಿಲಯಗಳೂ ಬಸದಿಗಳ ಟ್ರಸ್ಟುಗಳೂ ಅನೇಕ ಬಡ ಮಕ್ಕಳಿಗೆ ನೆರವಾಗಿವೆ. ಅಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ, ಕಂದಮೂಲಗಳ ವರ್ಜನೆ ಮುಂತಾದ ನಿಯಮಗಳಿರುವುದು ಸಹಜ. ಒಂದು ಮನೆಗೆ ಅದರದೇ ಅಡುಗೆಮನೆಯ ರೀತಿ ಇರುವುದು ಷರತ್ತಲ್ಲ. ಆದರೆ ರಜೆಯಲ್ಲಿ ತನ್ನ ತಾಯಿ ಬಡಿಸುವ ಊಟವನ್ನು ಕಂಡು ನಾಚುವಂತೆ ಆ ಮಗುವಿಗೆ ಕಲಿಸಿದರೆ ಅಖಡಾವನ್ನು ಬಿಡಿಸಿದವರಿಗೂ ಈ ಸಮಾಜಕ್ಕೂ ಅಂತರವಿರದು. ಪುಸ್ತಕ, ಸಮವಸ್ತ್ರ, ಹೊಲಿಗೆಯಂತ್ರಗಳ ವಿತರಣೆಯ ಸಮಾರಂಭಗಳಲ್ಲಿ ಪಡೆಯುವ ಹುಡುಗಿಯನ್ನು ಬ್ಯಾನರಿನ ಕೆಳಗೆ ನಿಲ್ಲಿಸಿ, ಛಾಯಾಚಿತ್ರಗ್ರಾಹಕನು ಸಿದ್ಧನಾಗುವವರೆಗೆ ಅವಳ ಚಾಚಿದ ಕೈಯನ್ನು ಹಾಗೆಯೇ ಹಿಡಿದಿಡುವ ವಾಡಿಕೆಯೂ ಅಪರೂಪವಲ್ಲ. ಖ್ಯಾತಿ, ಲಾಭ, ಪೂಜೆಗಳ ಬಯಕೆಯೂ ನಿದಾನವೇ.

ಶಿಖರ್ಜಿಯ ಬೆಟ್ಟವೇ ಇನ್ನೊಂದು ಪಾಠವನ್ನು ಹೇಳುತ್ತದೆ. ಜೈನರಿಗೆ ಸಿದ್ಧಕ್ಷೇತ್ರವಾದ ಅದೇ ಗಿರಿ ಸಂತಾಲ ಆದಿವಾಸಿಗಳಿಗೆ ಮರಾಂಗ್ ಬುರು, ಮಹಾಪರ್ವತ ದೈವ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆ ನೀಡಿದಾಗ ಜೈನ ಸಮಾಜ ನೆಮ್ಮದಿಪಟ್ಟಿತು. ಅದೇ ತಿಂಗಳು ಆದಿವಾಸಿಗಳು ಮಧುಬನದಲ್ಲಿ ಸೇರಿ ತಮ್ಮ ದೈವವನ್ನು ಮರೆಯಬೇಡಿರೆಂದರು. ಯಾತ್ರಿಕರ ಡೋಲಿಗಳಿಗೆ ಹೆಗಲು ಕೊಡುವವರು ಸುತ್ತಲಿನ ಹಳ್ಳಿಗಳವರು, ಅವರಿಗೂ ಹೆಣ್ಣುಮಕ್ಕಳಿದ್ದಾರೆ.

ಆ ನಾಡಿನಲ್ಲಾಗಲಿ ಈ ನಾಡಿನಲ್ಲಾಗಲಿ ಹೆಣ್ಣುಮಕ್ಕಳ ನೆರವಿಗೆ ಹಣ ತೆಗೆದಿಡುವ ಟ್ರಸ್ಟುಗಳು ತಮ್ಮ ನಿರ್ಣಯಪುಸ್ತಕದಲ್ಲಿ ಮೂರು ಮಾತುಗಳನ್ನು ಬರೆದುಕೊಳ್ಳಬಹುದು. ಪಡೆಯುವವಳ ಮುಖವನ್ನೂ ಕಥೆಯನ್ನೂ ಪ್ರಚಾರಕ್ಕೆ ಬಳಸುವುದಿಲ್ಲ. ಅವಳ ಮನೆಯ ನುಡಿ, ಹಾಡು, ದೈವಗಳನ್ನು ಬಿಡಬೇಕೆಂದು ಬಾಯಿಂದಾಗಲಿ ಮೌನದಿಂದಾಗಲಿ ಕೇಳುವುದಿಲ್ಲ. ಅವಳನ್ನು ಎಲ್ಲಿಗೆ ಕಳುಹಿಸಿದರೂ ಸುರಕ್ಷಿತವಾಗಿ ಹಿಂದಿರುಗುವವರೆಗೆ ಹೊಣೆ ಇಳಿಯುವುದಿಲ್ಲ. ಇವನ್ನು ಪಾಲಿಸುವ ಮಿಷನ್ನುಗಳಿದ್ದರೆ ಅವುಗಳಿಂದ ಕಲಿಯುವುದರಲ್ಲಿ ಕೀಳರಿಮೆ ಬೇಡ. ಪಾಲಿಸದ ಮಿಷನ್ನುಗಳನ್ನು ದೂಷಿಸುವ ಮುನ್ನ ಪಾಲಿಸಿ ತೋರಿಸುವುದು ಲೇಸು.

ಗುಮ್ಲಾದ ಒಬ್ಬ ಹುಡುಗಿ ಸಂಜೆ ವಸತಿನಿಲಯದ ಮೆಟ್ಟಿಲ ಮೇಲೆ ಕುಳಿತು, ಯಾರೂ ಕೇಳದಿದ್ದರೂ, ಯಾರನ್ನೂ ಮೆಚ್ಚಿಸಬೇಕಿಲ್ಲದಿದ್ದರೂ, ತನ್ನ ಅಜ್ಜಿಯ ಹಾಡನ್ನೋ ತಾನು ಹೊಸದಾಗಿ ನಂಬಿದ ದೇವರ ಹಾಡನ್ನೋ ತನಗೆ ತೋಚಿದಂತೆ ಹಾಡಿಕೊಳ್ಳಬಲ್ಲಳಾದರೆ, ಅವಳಿಗೆ ಅಭಯ ದೊರೆತಿದೆಯೆಂದು ತಿಳಿಯಬಹುದು.